ಕೂಗದೇ ಇದ್ದವು

‘ಇದು ಇವಳು ಮಾಡಿದ್ದು ಡಾಕ್ಟ್ರೇ’ ಅಂದುಬಿಟ್ಟ ಗಂಡ. ಎಷ್ಟು ಸಲೀಸಾಗಿ ಅಂದನೆಂದರೆ, ಬಾಯಲ್ಲಿದ್ದ ಚಹಾ ನುಂಗಿ, ಲೋಟವನ್ನು ಬೆಂಚಿನ ಮೇಲೆ ಇಟ್ಟು, ಮೀಸೆ ಒರೆಸಿಕೊಂಡು ಆಮೇಲೆ ಅಂದ. ಜೀಪಿನ ಕೆಳಗೆ ಅಂಗಾತ ಮಲಗಿ ಹಿಂದಿನ ಆಕ್ಸಲಿನ ಎಣ್ಣೆ ಇಳಿಸುತ್ತಿದ್ದ ಅವಳಿಗೆ ಅಲ್ಲಿಂದ ಕಾಣುತ್ತಿದ್ದದ್ದು ಇಬ್ಬರ ಕಾಲು ಮಾತ್ರ. ದನದ ಡಾಕ್ಟರ ಕೆಸರು ಮೆತ್ತಿದ ಬೂಟು, ಗಂಡನ ಚಪ್ಪಲಿ. ಆ ಚಪ್ಪಲಿಯೊಳಗಿನ ಹೆಬ್ಬೆರಳು ಒಂದು ಸಲ ಅವಳ ಕಡೆ ಆಡಿತು, ಇಗೋ ಇವಳೇ ಅನ್ನುವ ಹಾಗೆ. ಇಷ್ಟು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಇದೇ ಮೊದಲು. ಅವಳು ಕಾದಿದ್ದಳು ಅದಕ್ಕೆ. ಯಾರ ಮುಂದಾದರೂ ಸರಿ, ಒಂದೇ ಒಂದು ಸಲ, ಇದು ನಾನಲ್ಲಪ್ಪ ನನ್ನ ಹೆಂಡತಿ ಮಾಡಿದ್ದು ಅಂತ ಅವನು ಅಂದರೆ ಹೇಗಿರುತ್ತದೆ, ಆಗ ತಾನು ಎಲ್ಲಿ ನಿಂತಿರುತ್ತೇನೆ, ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ‘ಅಯ್ಯೋ ನನ್ನದೇನಿಲ್ಲ ಬಿಡಿ’ ಅನ್ನಬೇಕೋ ಸುಮ್ಮನೆ ನಗಬೇಕೋ ಅಂತ ಸೊಪ್ಪು ಬಿಡಿಸುವಾಗ, ಬಟ್ಟೆ ಮಡಿಸುವಾಗ ಎಷ್ಟೋ ಸಲ ಯೋಚಿಸಿದ್ದಳು. ಬಂತು ಮಾತು. ಬಂದ ಚೆಂದ ನೋಡಿ. ಬಿಸಿಯಾರದ ಕಪ್ಪು ಎಣ್ಣೆ ಅವಳ ಮಣಿಕಟ್ಟಿನಿಂದ ಮೊಣಕೈವರೆಗೆ ಹರಿದು ರವಿಕೆಯ ತೋಳಿಗೆ ಇಂಗುತ್ತಿತ್ತು, ಒರೆಸಿಕೊಳ್ಳಲೂ ತೋಚದೆ ಹಾಗೇ ಮಲಗಿದ್ದಳು.

ಡಾಕ್ಟರು ಒಳ್ಳೆಯ ಮನುಷ್ಯ, ಅದೇ ತೊಂದರೆ. ಬೈಯುವವನಾಗಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ‘ಗುಡ್ಡ ಹತ್ತೋವಾಗ ಊಊ ಅಂತ ಶುರು ಮಾಡತ್ತೆ ಮೇಸ್ತ್ರಿ’ ಅಂದಿದ್ದರು ಬೆಳಿಗ್ಗೆ ಬಂದವರೇ. ‘ಮೊದಲು ನಾನು ಸೂಜಿ ಹೊರಗೆ ತೆಗೆದ ಮೇಲೆ ಹಸುಗಳಿಗೆ ಗೊತ್ತಾಗ್ತಿತ್ತು. ಈಗ ಜೀಪು ಇನ್ನೂ ತಿರುವಿನಲ್ಲಿರೋವಾಗಲೇ ಗೊತ್ತಾಗಿ ಇಡೀ ಮಂದೆ ಕಾಡಿಗೆ ಓಡ್ತಿದೆ. ಹಿಡಿಯೋದರಲ್ಲೇ ಅರ್ಧ ದಿನ ಹೋಗತ್ತೆ.’ ಗಂಡ ಹೋ ಹೋ ಅಂತ ನಕ್ಕಿದ್ದ. ನಗುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಗಿರಾಕಿ ಅರ್ಧ ರಿಪೇರಿ ಅವನ ನಗುವಿನಲ್ಲೇ ಆಯಿತು ಅಂದುಕೊಳ್ಳುತ್ತಾನೆ. ಈಗ ಅದೇ ಡಾಕ್ಟರು ಮೊಣಕಾಲಿನ ಮೇಲೆ ಕೈಯೂರಿ, ಕತ್ತು ಬಗ್ಗಿಸಿ, ಜೀಪಿನ ಕೆಳಗಿದ್ದ ಅವಳನ್ನು ನೋಡಿದರು. ಕಟ್ಟಿ ಹಾಕಿದ ಕರುವನ್ನು ಅವರು ಹೀಗೇ ನೋಡುತ್ತಿರಬೇಕು. ‘ಬೇಜಾರು ಮಾಡ್ಕೋಬೇಡಿ ತಾಯಿ. ಕಲಿಯೋವಾಗ ಎಲ್ಲರಿಗೂ ಆಗತ್ತೆ’ ಅಂದರು.

ಕಲಿಯೋವಾಗ. ಅಂಗಾಲಿನ ಸಿಟ್ಟು ನೆತ್ತಿಗೇರಿತು ಅವಳಿಗೆ. ಇದೇ ಜೀಪಿನ ಮುಂದಿನ ಆಕ್ಸಲನ್ನು ಕೇಳಿ ನೋಡು ಡಾಕ್ಟರೇ, ಅದು ಉಸಿರಾದರೂ ಬಿಡುತ್ತದೆಯೇ ಅಂತ. ಅದನ್ನು ಮಾಡಿದ ವಾರ ಗಂಡನಿಗೆ ಬೆನ್ನು ಹಿಡಿದಿತ್ತು. ಬೆನ್ನು ಹಿಡಿಯದಿದ್ದ ವಾರಗಳಲ್ಲೂ ಅವಳೇ ಮಾಡುತ್ತಿದ್ದಳು, ಆದರೆ ಬೆನ್ನಿನ ನೆಪ ಇಬ್ಬರಿಗೂ ಅನುಕೂಲವಾಗಿತ್ತು. ಗುಡ್ಡಗಾಡಿನ ಗಾಡಿಗಳೆಲ್ಲ ಹಲ್ಲು ಮುರಿದುಕೊಂಡು ಇಲ್ಲಿಗೇ ಬರುತ್ತವೆ. ಕ್ವಾರಿಯವು, ಮರ ಸಾಗಿಸುವವು, ಕರೆಂಟಿನ ಕಂಬ ಹೊರುವವು. ಎಂಜಿನ್ನಿನಿಂದ ಬಂದ ಸುತ್ತನ್ನು ಚಕ್ರಗಳ ಕಡೆಗೆ ತಿರುಗಿಸಿ ಕೊಡುವ ಎರಡು ಗೇರು ಆಕ್ಸಲಿನ ಹೊಟ್ಟೆಯಲ್ಲಿರುತ್ತವೆ. ಊಟದ ತಟ್ಟೆಯಷ್ಟು ದೊಡ್ಡದು ಕ್ರೌನು, ಅದನ್ನು ಕಚ್ಚಿಕೊಂಡು ತಿರುಗುವ ಮುಷ್ಟಿಯಷ್ಟು ಪಿನಿಯನ್ನು. ಬರೀ ಬಿಚ್ಚಿ ಹಾಕುವ ಕೆಲಸವಲ್ಲ ಅದು. ಕಾಗದದಂಥ ತಗಡುಗಳನ್ನು ಸೇರಿಸಿ, ತೆಗೆದು, ಪಿನಿಯನ್ನನ್ನು ಒಂದು ಕೂದಲು ಮುಂದೆ, ಒಂದು ಕೂದಲು ಹಿಂದೆ ಮಾಡಿ, ಹಲ್ಲಿಗೆ ಹಳದಿ ಬಣ್ಣ ಬಳಿದು ತಿರುಗಿಸಿದರೆ, ಒಂದು ಇನ್ನೊಂದನ್ನು ಎಲ್ಲಿ ಮುಟ್ಟುತ್ತದೆ ಅನ್ನುವುದು ಬಣ್ಣ ಅಳಿಸಿದ ಕಡೆ ಕಾಣುತ್ತದೆ. ಹಲ್ಲಿನ ನಡುಮಧ್ಯೆ ಉದ್ದುದ್ದ ಗುರುತು ಬಿದ್ದರೆ ಸರಿ. ಹಲ್ಲಿನ ತುದಿಗೆ ಬಿದ್ದರೆ, ಹೊರ ಅಂಚಿನ ಹಿಮ್ಮಡಿಗೆ ಬಿದ್ದರೆ, ಮತ್ತೆ ಬಿಚ್ಚಬೇಕು, ಇಲ್ಲದಿದ್ದರೆ ಗಾಡಿ ಓಡುವಾಗ ಗೇರು ಕೂಗುತ್ತದೆ. ಹಲ್ಲಿಗೂ ಹಿಮ್ಮಡಿ ಇರುವುದು ಈ ಕಸುಬಿನಲ್ಲಿ ಮಾತ್ರ ಅಂತ ಮೊದಲ ಸಲ ಕೇಳಿದಾಗ ಬಿದ್ದು ಬಿದ್ದು ನಕ್ಕಿದ್ದಳು. ಹೇಳಿಕೊಟ್ಟವನು ಗಂಡನೇ, ಇಲ್ಲ ಅನ್ನುವುದಿಲ್ಲ. ಒಳ್ಳೆಯ ಗುರುವಾಗಿದ್ದ, ಅವಳಿಗೆ ಬರುವವರೆಗೆ. ಬಂದ ಮೇಲೆ ತಗಡಿನ ಅಡ್ಡಗೋಡೆ ಎದ್ದಿತು. ‘ಧೂಳು ಬರಬಾರದು ಗೇರಿಗೆ’ ಅಂದ. ಗೋಡೆಯ ಆಚೆ ಗಿರಾಕಿ, ನಗು, ಚಹಾ, ಈಚೆ ಅವಳು. ಕೈ ಕೆಸರು ಅವಳದು, ಬಾಯಿ ಮೊಸರು ಅವನದು. ರಸ್ತೆಯ ಬೋರ್ಡಿನ ಮೇಲೆ ಅವನ ಹೆಸರಿನ ಮುಂದೆ ‘ಮತ್ತು ಸಹೋದರರು’ ಅಂತಿದೆ. ಒಬ್ಬನೇ ಸಹೋದರ, ಅವಳ ಮೈದುನ, ಸ್ಪ್ಯಾನರು ಹಿಡಿದದ್ದನ್ನು ಕಂಡವರಿಲ್ಲ. ಎಲ್ಲೋ ದೂರದಲ್ಲಿ ಹಳೇ ಲಾರಿ ಮಾರಿಸಿಕೊಂಡು ಚೆನ್ನಾಗಿದ್ದಾನೆ. ಬೋರ್ಡಿಗೆ ಹೊಸ ಬಣ್ಣ ಬಳಿಸಿದಾಗ ಅದನ್ನು ಅಳಿಸಲಿಲ್ಲ. ‘ಇರಲಿ ಬಿಡು, ನೋಡೋಕೆ ತುಂಬಿಕೊಂಡಂಗಿದೆ’ ಅಂದಿದ್ದ. ಅವಳು ಏಣಿ ಹಿಡಿದುಕೊಂಡಿದ್ದಳು.

ಮುಚ್ಚಳದ ಬೋಲ್ಟುಗಳನ್ನು ಒಂದೊಂದಾಗಿ ತೆಗೆಯುತ್ತಾ ಅವಳು ಹಲ್ಲು ಕಡಿದಳು. ಸಿಟ್ಟು ಗಂಡನ ಮೇಲೆ ಮಾತ್ರ ಆಗಿದ್ದರೆ ಚೆನ್ನಾಗಿತ್ತು, ನೆಟ್ಟಗೆ ಇರುತ್ತಿತ್ತು. ಆದರೆ ಅದರ ತಳದಲ್ಲಿ ಇನ್ನೊಂದು ಇತ್ತು, ಅದನ್ನು ಅವಳು ಬೆಳಗಿನಿಂದ ಕಾಲಿನಿಂದ ಆಚೆ ತಳ್ಳುತ್ತಾ ಬಂದಿದ್ದಳು. ಈ ಆಕ್ಸಲಿಗೆ ಹೊಸ ಗೇರು ಕೂರಿಸಿದ ದಿನ, ಬಿಡಿಭಾಗದ ಅಂಗಡಿಯವರು ಮೂರು ನಾಲ್ಕು ಜನ ಬಂದು ಆಚೆ ಕೂತಿದ್ದರು. ಅವರಲ್ಲೊಬ್ಬ ಅಡ್ಡಗೋಡೆಯ ಸಂದಿನಲ್ಲಿ ಇಣುಕಿ, ‘ಏನ್ ಮೇಸ್ತ್ರಿ, ಮನೆಯವರನ್ನೂ ಕೆಲಸಕ್ಕೆ ಹಚ್ಚಿದೀರಾ’ ಅಂದ. ಗಂಡ ಒಂದು ಕ್ಷಣವೂ ತಡೆಯಲಿಲ್ಲ. ‘ಪಾತ್ರೆ ತೊಳೆಯೋ ಕೈಯಲ್ವಾ, ಗೇರೂ ತೊಳೀತಾಳೆ. ಫಳಫಳ ಅನ್ನಬೇಕು ನೋಡಿ’ ಅಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅದೇ ಈಗಲೂ ಉರಿಯುವುದು. ಅವರು ನಕ್ಕದ್ದಲ್ಲ, ಸಂದಿನಿಂದ ಕಂಡ ಆ ಮುಖಕ್ಕೆ ತಾನೂ ಹಲ್ಲು ಬಿಟ್ಟದ್ದು. ಆ ಕ್ಷಣ ಅವಳ ಕೈಯಲ್ಲಿ ಅಳತೆ ಮಾಡಿದ ತಗಡಿತ್ತು, ತಲೆಯೊಳಗೆ ಲೆಕ್ಕವಿತ್ತು, ಎಲ್ಲ ಕಲಸಿ ಹೋಯಿತು. ಒಂದು ಸಲ ಅಕ್ಕನ ಮನೆಗೆ ಹೋಗಿದ್ದಾಗ ಅಕ್ಕ ಅವಳ ಬೆರಳು ಹಿಡಿದು, ‘ಏನೇ ಇದು, ಉಗುರಲ್ಲೆಲ್ಲ ಮಸಿ, ನಿನ್ನ ಗಂಡ ನಿನ್ನ ಕೈಲಿ ಒಲೆ ಬಳಿಸ್ತಾನಾ’ ಅಂದಿದ್ದಳು. ಆವತ್ತೂ ನಕ್ಕಿದ್ದಳು. ಊಟ ಮುಗಿಯುವವರೆಗೂ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೇ ಕೂತಿದ್ದಳು.

ಆ ಮಧ್ಯಾಹ್ನ ಬಣ್ಣದ ಗುರುತು ಸರಿ ಬೀಳಲೇ ಇಲ್ಲ. ಒಂದು ಹಲ್ಲಿನಲ್ಲಿ ನಡುವೆ ಬಿದ್ದರೆ ಇನ್ನೊಂದರಲ್ಲಿ ಹಿಮ್ಮಡಿಗೆ. ತಗಡು ಹಾಕಿದಳು, ತೆಗೆದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹೀಗಾಗುವುದು ಒಂದೇ ಕಾರಣಕ್ಕೆ ಅಂತ ಅವಳಿಗೆ ಗೊತ್ತಿತ್ತು. ಕ್ರೌನು, ಪಿನಿಯನ್ನು ಎರಡನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿ, ಎರಡರ ಮೈಮೇಲೂ ಒಂದೇ ನಂಬರು ಗೀಚಿ, ಒಂದೇ ಡಬ್ಬಿಯಲ್ಲಿ ಕಳಿಸುತ್ತಾರೆ. ಈ ಡಬ್ಬಿಯದು ಆ ಡಬ್ಬಿಯದು ಎಷ್ಟೇ ಒಂದೇ ಥರ ಕಂಡರೂ, ಹಲ್ಲಿನ ಲೆಕ್ಕ ಒಂದೇ ಆದರೂ, ಜೋಡಿ ಒಡೆಯಬಾರದು. ಅವಳು ಅಡ್ಡಗೋಡೆಯ ಆಚೆಗೆ ಕೂಗಿ ಕೇಳಿದ್ದಳು, ‘ರೀ, ನಂಬರ್ ನೋಡಿ ಕೊಟ್ಟಿದೀರಾ?’ ‘ನೋಡಿದೀನಿ ಕಣೇ, ನೀನು ನಿನ್ನ ಕೆಲಸ ನೋಡು’ ಅಂತ ಉತ್ತರ ಬಂತು, ಅದರ ಹಿಂದೆಯೇ ಮತ್ತೆ ನಗು. ಪಿನಿಯನ್ನಿನ ಮುಖದ ಮೇಲಿನ ಬಣ್ಣವನ್ನು ಹೆಬ್ಬೆರಳಿನಿಂದ ಒರೆಸಿದ್ದರೆ ನಂಬರು ಕಾಣುತ್ತಿತ್ತು. ಹೆಬ್ಬೆರಳು ಅಲ್ಲಿವರೆಗೆ ಹೋಗಿತ್ತು. ಒರೆಸಲಿಲ್ಲ. ಕೂಗಲಿ ಅಂದುಕೊಂಡಳು. ಗುಡ್ಡ ಗುಡ್ಡಕ್ಕೂ ಕೇಳುವ ಹಾಗೆ ಕೂಗಲಿ, ಕೂಗುವುದು ಯಾರ ಹೆಸರಿನಲ್ಲಿ, ಬೋರ್ಡಿನ ಮೇಲಿರುವವರ ಹೆಸರಿನಲ್ಲಿ ತಾನೇ. ಎಷ್ಟು ತಣ್ಣಗಾಗಿತ್ತು ಹೊಟ್ಟೆ ಆಗ. ಮುಚ್ಚಳ ಹಾಕಿ, ಬೋಲ್ಟು ಬಿಗಿದು, ಕೈ ತೊಳೆದುಕೊಂಡು ಅತ್ತೆಗೆ ಮಾತ್ರೆ ಕೊಡಲು ಹೋಗಿದ್ದಳು. ಹಸುಗಳ ಯೋಚನೆ ಬರಲಿಲ್ಲ, ಡಾಕ್ಟರ ಯೋಚನೆಯೂ ಬರಲಿಲ್ಲ. ಈಗ ಅದೇ ಕೂಗು ಗುಡ್ಡ ಇಳಿದು, ಅಂಗಡಿಗೆ ಬಂದು, ನೆಟ್ಟಗೆ ಅವಳ ಹೆಸರು ಹಿಡಿದೇ ಕರೆಯುತ್ತಿದೆ. ಮಾಡಿದ್ದುಣ್ಣೋ ಮಹರಾಯ.

ಕ್ರೌನನ್ನು ಹೊರಗೆಳೆದು ಎದೆಗವಚಿಕೊಂಡು ಬೆಂಚಿಗೆ ತಂದಳು. ಭಾರಕ್ಕೆ ಉಸಿರು ಕಟ್ಟಿತು. ಡಾಕ್ಟರು ‘ಅರೆ, ಕೊಡಿ ಇಲ್ಲಿ’ ಅಂತ ಎದ್ದರು, ಗಂಡ ‘ಅವಳಿಗೆ ಅಭ್ಯಾಸ, ಕೂತ್ಕೊಳಿ’ ಅಂದ. ಡೀಸೆಲ್ಲಿನ ಬಟ್ಟೆಯಲ್ಲಿ ಅಂಚು ಒರೆಸಿದಳು. ಮುನ್ನೂರ ಹದಿನೆಂಟು. ಮತ್ತೆ ಜೀಪಿನ ಕೆಳಗೆ ಹೋಗಿ, ಒಳಗಿನ್ನೂ ಕೂತಿದ್ದ ಪಿನಿಯನ್ನಿನ ಮುಖ ಒರೆಸಿ ಟಾರ್ಚು ಹಿಡಿದಳು. ಮುನ್ನೂರ ಎಂಬತ್ತೊಂದು. ಎರಡು ಸಲ ಓದಿದಳು. ಆಮೇಲೆ ಎದ್ದು, ಯಾರಿಗೂ ಏನೂ ಹೇಳದೆ, ಒಳಗಿನ ಕಪಾಟಿನಿಂದ ಅದೇ ಥರದ ಇನ್ನೊಂದು ಡಬ್ಬಿ ಎಳೆದು ಬಿಚ್ಚಿದಳು. ಎಣ್ಣೆಕಾಗದದೊಳಗೆ ಹೊಸ ಕ್ರೌನು, ಮುನ್ನೂರ ಎಂಬತ್ತೊಂದು. ಹೊಸ ಪಿನಿಯನ್ನು, ಮುನ್ನೂರ ಹದಿನೆಂಟು. ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಾಯಿತು ಏನಾಗಿದೆ ಅಂತ. ಯಾರೋ ಗಿರಾಕಿ ಬಂದಿರುತ್ತಾನೆ, ಗಂಡ ದೊಡ್ಡಸ್ತಿಕೆಗೆ ಎರಡು ಡಬ್ಬಿಯನ್ನೂ ಬಿಚ್ಚಿ, ನಾಲ್ಕನ್ನೂ ಮುಂದಿನ ಗಾಜಿನ ಮೇಜಿನ ಮೇಲೆ ಸಾಲಾಗಿಟ್ಟು, ‘ನೋಡಿ ಸ್ವಾಮಿ, ನಿಮಗೆ ಯಾವುದು ಬೇಕು ಆರಿಸಿಕೊಳ್ಳಿ’ ಅಂದಿರುತ್ತಾನೆ. ಸೀರೆ ಅಂಗಡಿಯಲ್ಲಿ ಹರಡಿದ ಹಾಗೆ. ಗಿರಾಕಿ ಹೋದ ಮೇಲೆ ಕನ್ನಡಕವಿಲ್ಲದ ಕಣ್ಣಲ್ಲಿ ನೋಡಿ, ಹದಿನೆಂಟಕ್ಕೆ ಎಂಬತ್ತೊಂದನ್ನು ಕಟ್ಟಿ ಒಳಗಿಟ್ಟಿದ್ದಾನೆ. ಕನ್ನಡಕ ಮಾಡಿಸಿ ಎರಡು ವರ್ಷವಾಯಿತು, ಹಾಸಿಗೆಯ ದಿಂಬಿನ ಕೆಳಗಿರುತ್ತದೆ. ‘ಕನ್ನಡಕದ ಮೇಸ್ತ್ರಿ ಹತ್ರ ಯಾವನೇ ಬರ್ತಾನೆ’ ಅನ್ನುತ್ತಾನೆ.

ಎರಡು ಜೋಡಿಯೂ ಮಣ್ಣುಪಾಲು. ಜೀಪಿನಲ್ಲಿ ತಿರುಗಿದವೆರಡು ಬೇರೆಯವರ ಹಲ್ಲಿಗೆ ಸವೆದಿವೆ, ಡಬ್ಬಿಯಲ್ಲಿದ್ದವೆರಡಕ್ಕೆ ಇನ್ನು ಜೊತೆಯಿಲ್ಲ. ಕಪಾಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತೇ ಅವಳು ಹೊರಗಿನ ಮಾತು ಕೇಳಿಸಿಕೊಂಡಳು. ಗಂಡ ಹೇಳುತ್ತಿದ್ದ, ‘ನನಗೆ ಆವತ್ತು ಬೆನ್ನು ನೋವು ಡಾಕ್ಟ್ರೇ. ಸಣ್ಣ ಕೆಲಸ ಅಲ್ವಾ, ಮಾಡ್ಲಿ ಅಂತ ಬಿಟ್ಟೆ. ನನ್ನದೇ ತಪ್ಪು, ಬಿಡಬಾರದಿತ್ತು.’ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅದೂ ದನದ ಡಾಕ್ಟರ ಎದುರಿಗೇ. ಎದ್ದು ಹೋಗಿ ಡಬ್ಬಿಯ ಕ್ರೌನು, ಪಿನಿಯನ್ನು ಎರಡನ್ನೂ ಅವನ ಮೂಗಿನ ಕೆಳಗೆ ಹಿಡಿದು, ಓದಿ ನೋಡೋಣ, ಜೋರಾಗಿ ಓದಿ, ಡಾಕ್ಟರಿಗೂ ಕೇಳಲಿ ಅನ್ನಬೇಕು ಅನ್ನಿಸಿತು. ಮೈಯೆಲ್ಲ ಅದಕ್ಕೇ ಎದ್ದು ನಿಂತಿತು. ಅವನು ಕಣ್ಣು ಕಿರಿದು ಮಾಡಿ ತಡವರಿಸುವುದು, ಕಿವಿ ಕೆಂಪಾಗುವುದು, ಎಲ್ಲ ಕಂಡಿತು, ರುಚಿಯೂ ಹತ್ತಿತು. ಆಮೇಲೆ ಅವನು ಕೇಳುತ್ತಾನೆ, ನಾನು ಕೊಟ್ಟರೆ ನೀನು ನೋಡಬಾರದಿತ್ತೇ, ನಿನಗೆ ಬಣ್ಣದಲ್ಲೇ ಗೊತ್ತಾಗಲಿಲ್ಲವೇ. ಗೊತ್ತಾಗಿತ್ತು. ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು ಯೋಚನೆ. ಒಳಮನೆಯ ಬಾಗಿಲಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ನಿಂತಿದ್ದರು. ‘ಏನು ಕಳೆದುಹೋಯ್ತೇ?’ ಅಂದರು. ‘ಏನಿಲ್ಲ ಅತ್ತೆ.’ ‘ಮತ್ಯಾಕೆ ಹಾಗೆ ಉಸಿರು ಬಿಡ್ತೀಯ. ಗಂಡಸರು ಕೂತಿದಾರೆ ಆಚೆ.’ ಅತ್ತೆಯ ಮೇಲೂ ರೇಗಿತು, ಅವರ ಮಂಡಿನೋವಿನ ಮೇಲೂ ರೇಗಿತು.

ಕಪಾಟಿನಲ್ಲಿ ಇನ್ನೂ ಬಿಚ್ಚದೆ ಉಳಿದಿದ್ದ ಮೂರನೆಯ ಡಬ್ಬಿಯನ್ನು ತೆಗೆದುಕೊಂಡು ಹೊರಗೆ ಬಂದಳು. ಅಡ್ಡಗೋಡೆಯ ಈಚೆಗಲ್ಲ, ಆಚೆಗೆ. ಗಂಡ ಒಂದು ಕಾಲು ಸ್ಟೂಲಿನ ಮೇಲಿಟ್ಟು ನಿಂತಿದ್ದ. ‘ಜೋಡಿ ಅದಲುಬದಲಾಗಿದೆ’ ಅಂದಳು ಡಾಕ್ಟರ ಕಡೆ ತಿರುಗಿ. ‘ಒಂದರ ಕ್ರೌನಿಗೆ ಇನ್ನೊಂದರ ಪಿನಿಯನ್ ಬಿದ್ದಿದೆ. ಹಾಕೋವಾಗ ಸರಿಯಿಲ್ಲ ಅಂತ ನನಗೆ ಅನುಮಾನ ಬಂದಿತ್ತು. ನಂಬರ್ ನೋಡಬೇಕಿತ್ತು, ನೋಡಲಿಲ್ಲ. ಬೇಕಂತಲೇ ನೋಡಲಿಲ್ಲ. ಕೆಲಸ ನಂದೇ.’ ಡಬ್ಬಿಗೆ ಯಾರು ಕಟ್ಟಿದ್ದು ಅಂತ ಹೇಳಲಿಲ್ಲ. ಗಂಡನಿಗೆ ಅರ್ಥವಾಯಿತು, ಕಾಲು ಸ್ಟೂಲಿನಿಂದ ಇಳಿಯಿತು, ಮುಖದಲ್ಲಿ ಏನೋ ಬಂದು ಹೋಯಿತು. ಒಂದು ಮಾತು ಆಡುತ್ತಾನೆ ಅಂತ ಅವಳು ಕಾದಳು. ಅರ್ಧ ಮಾತು ಸಾಕಿತ್ತು. ‘ನಾನು ಹೇಳ್ಲಿಲ್ವಾ ಡಾಕ್ಟ್ರೇ’ ಅಂದ ಅವನು, ಬಿಟ್ಟ ಉಸಿರನ್ನು ನಗುವಾಗಿ ಮಾಡಿಕೊಂಡು. ಡಾಕ್ಟರಿಗೆ ಅವಳ ‘ಬೇಕಂತಲೇ’ ಕೇಳಿಸಿತೋ ಇಲ್ಲವೋ, ಎರಡೂ ಕೈಯನ್ನು ಗಾಳಿಯಲ್ಲಿ ತಟ್ಟುತ್ತಾ, ‘ಆಯ್ತು ಆಯ್ತು, ಒಪ್ಪಿಕೊಂಡ್ರಲ್ಲ, ಅದೇ ದೊಡ್ಡದು’ ಅಂದರು. ಆಮೇಲೆ ಗಂಡನಿಗೆ, ‘ಆದ್ರೆ ಈ ಸಲ ನೀವೇ ಕೈ ಹಾಕಬೇಕು ಮೇಸ್ತ್ರಿ. ನಿಮ್ಮ ಕೈಯಲ್ಲಿ ಕೂತ ಮುಂದಿನ ಆಕ್ಸಲ್ ನೋಡಿ, ಇವತ್ತಿಗೂ ತುಟಿ ಪಿಟಕ್ ಅಂದಿಲ್ಲ. ನಾನು ಇಲ್ಲೇ ಕೂತು ನೋಡ್ತೀನಿ, ನನಗೂ ಬೇರೆ ಕೆಲಸ ಇಲ್ಲ.’

‘ಅದಕ್ಕೇನಂತೆ’ ಅಂದ ಗಂಡ. ಅವನ ಕಣ್ಣು ಅವಳ ಕಡೆ ಬಂತು. ಅವಳು ಡಬ್ಬಿಯನ್ನು ಅವನ ಕೈಗೆ ಕೊಟ್ಟಳು. ಕೊಡುವ ಮೊದಲು ಬಿಚ್ಚಿ, ಎರಡು ನಂಬರನ್ನೂ ತಾನೇ ಓದಿ, ಹೊಂದಿದೆ ಅಂತ ನೋಡಿಯೇ ಕೊಟ್ಟಳು. ಹಸುಗಳಿಗೆ ಮತ್ತೆ ಅನ್ಯಾಯ ಆಗಬಾರದು. ಆಮೇಲೆ ಕೈ ತೊಳೆದುಕೊಂಡು ಬಂದು, ಡಾಕ್ಟರ ಪಕ್ಕದ ಗಿರಾಕಿಗಳ ಕುರ್ಚಿಯಲ್ಲಿ ಕೂತಳು. ಆ ಕುರ್ಚಿಯಲ್ಲಿ ಅವಳು ಯಾವತ್ತೂ ಕೂತಿರಲಿಲ್ಲ. ಅಲ್ಲಿಂದ ಅಂಗಡಿ ಬೇರೆಯಾಗಿಯೇ ಕಾಣುತ್ತಿತ್ತು. ಅಡ್ಡಗೋಡೆ ಕಾಣುತ್ತಿತ್ತು, ಅದರ ಹಿಂದೆ ಒಬ್ಬರು ಇರಬಹುದು ಅಂತ ಯಾರಿಗೂ ಅನ್ನಿಸದ ಹಾಗೆ ಅದರ ಮೇಲೆ ಟೈರ್ ಕಂಪನಿಯ ದೊಡ್ಡ ಕ್ಯಾಲೆಂಡರು ತೂಗುತ್ತಿತ್ತು. ಈ ಕಡೆಯಿಂದ ನೋಡಿದ್ದೇ ಇಲ್ಲ ತಾನು ಅಂತ ಅವಳಿಗೆ ಈಗ ಗೊತ್ತಾಯಿತು.

ಆಕ್ಸಲನ್ನು ಜೀಪಿನಿಂದ ಇಳಿಸಿ, ಬೆಂಚಿನ ಮೇಲೇರಿಸಿ, ಪಿನಿಯನ್ನು ಕೂರಿಸುವವರೆಗೆ ಗಂಡ ಚೆನ್ನಾಗಿಯೇ ಇದ್ದ. ಶಕ್ತಿಯ ಕೆಲಸ, ಹಳೆಯ ಕೈ, ನಡುನಡುವೆ ಡಾಕ್ಟರಿಗೆ ತಮಾಷೆಯ ಮಾತು. ಅಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಕ್ರೌನು ಒಳಗೆ ಹೋದ ಮೇಲೆ ಮಾತು ಕಡಿಮೆಯಾಯಿತು. ಎರಡು ಹಲ್ಲಿನ ನಡುವೆ ಎಷ್ಟು ಆಟ ಇದೆ ಅಂತ ಅಳೆಯಲು ಗಡಿಯಾರದಂಥ ಸಣ್ಣ ಡಯಲು ಇರುತ್ತದೆ, ಅದರ ಮುಳ್ಳು ಆಡಿದಷ್ಟು ಆಟ. ಡಯಲನ್ನು ಸಿಕ್ಕಿಸಿ, ಕ್ರೌನನ್ನು ಹಿಂದೆ ಮುಂದೆ ಆಡಿಸಿ, ಗಂಡ ಬಗ್ಗಿದ. ಇನ್ನೂ ಬಗ್ಗಿದ. ತಲೆ ಹಿಂದೆ ಎಳೆದುಕೊಂಡ. ಆಮೇಲೆ ಮೆಲ್ಲಗೆ ಗಂಟಲು ಸರಿಮಾಡಿಕೊಂಡ. ಅಡ್ಡಗೋಡೆಯ ಹಿಂದೆ ಇಬ್ಬರೇ ಇರುವಾಗ ಆ ಗಂಟಲಿಗೆ ಅವಳು ಅವನ ಎಡಭುಜದ ಹತ್ತಿರ ಬಂದು, ಕಿವಿಗೆ ಮಾತ್ರ ಕೇಳುವ ಹಾಗೆ ಅಂಕಿ ಹೇಳುತ್ತಿದ್ದಳು. ಯಾರು ಯಾರಿಗೂ ಹೇಳಿಕೊಟ್ಟದ್ದಲ್ಲ, ತಾನಾಗಿ ಬಂದ ಅಭ್ಯಾಸ; ಸಂಸಾರದಲ್ಲಿ ಅಂಥವು ಎಷ್ಟೋ ಇರುತ್ತವೆ. ಈಗ ಅವನು ಎರಡನೆಯ ಸಲ ಗಂಟಲು ಸರಿಮಾಡಿಕೊಂಡ. ‘ನೆಗಡಿಯಾ ಮೇಸ್ತ್ರಿ?’ ಅಂದರು ಡಾಕ್ಟರು. ಅವಳಿಗೆ ಅಯ್ಯೋ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಕುರ್ಚಿಯಿಂದಲೇ ಮುಂದಕ್ಕೆ ಬಾಗಿ ಮುಳ್ಳನ್ನು ನೋಡಿದಳು. ಅವಳ ಕಣ್ಣಿಗೆ ಅಷ್ಟು ದೂರ ದೂರವೇ ಅಲ್ಲ.

‘ಹದಿನಾಲ್ಕು’ ಅಂದಳು, ಮನೆಯಲ್ಲಿ ಮಾತಾಡುವ ಗಂಟಲಿನಲ್ಲಿ. ‘ಜಾಸ್ತಿ ಆಯ್ತು. ಎಡಗಡೆ ತಗಡು ಒಂದು ತೆಗೆದು ಬಲಕ್ಕೆ ಹಾಕಿ.’

ಗಂಡ ತಿರುಗದೆ ಅವಳು ಹೇಳಿದ ಹಾಗೆಯೇ ಬಿಚ್ಚಿದ, ಹಾಕಿದ, ಆಡಿಸಿದ. ಡಾಕ್ಟರು ಅವಳನ್ನು ನೋಡಿದರು, ಅವನ ಬೆನ್ನನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು.

‘ಈಗ ನಾಲ್ಕು. ಬಿಗಿಯಾಯ್ತು. ನೀವು ದಪ್ಪಂದು ತೆಗೆದ್ರಿ. ಅದಲ್ಲ. ಅದೂ ಅಲ್ಲ ರೀ, ನಿಮ್ಮ ಹೆಬ್ಬೆರಳಿನ ಹತ್ರ ಇರೋದು.’

‘ಮೆಲ್ಲಗೆ ಹೇಳೇ’ ಅಂದ ಗಂಡ, ತಿರುಗದೆ, ಹಲ್ಲುಗಳ ನಡುವೆ.

‘ಮೆಲ್ಲಗೆ ಇಷ್ಟು ವರ್ಷ ಹೇಳಿದೆನಲ್ಲ.’

ಅವನು ತಿರುಗಿದ. ತಗಡುಗಳು ನೆಲಕ್ಕೆ ಚೆಲ್ಲಿದವು. ಕಿವಿ ಕೆಂಪಾಗಿತ್ತು, ಅವಳು ಕಪಾಟಿನ ಮುಂದೆ ಕೂತು ನೆನೆಸಿಕೊಂಡದ್ದಕ್ಕಿಂತ ಕೆಂಪಾಗಿತ್ತು. ಆದರೆ ಆಗ ಅಂದುಕೊಂಡ ಯಾವ ರುಚಿಯೂ ಈಗ ಇರಲಿಲ್ಲ. ಒಳಬಾಗಿಲಲ್ಲಿ ಅತ್ತೆಯ ನೆರಳು ಬಂದು ನಿಂತಿತು. ‘ಅಷ್ಟು ಗೊತ್ತಿದ್ರೆ ನೀನೇ ಬಂದು ಮಾಡು’ ಅಂದ ಗಂಡ. ‘ಬಾ. ಮಾಡು.’

‘ಮಾಡ್ತೀನಿ’ ಅಂದಳು ಅವಳು. ಏಳಲಿಲ್ಲ. ಉಗುರಲ್ಲಿ ಮಸಿ ಉಳಿದ ಎರಡೂ ಕೈಯನ್ನು ಮಡಿಲ ಮೇಲೆ ಎಲ್ಲರಿಗೂ ಕಾಣುವ ಹಾಗೇ ಇಟ್ಟುಕೊಂಡಳು. ‘ಕೂಗಿದ್ರೆ ನಂದು ಅಂತ ಇವತ್ತು ಗೊತ್ತಾಯ್ತು. ಕೂಗದೇ ಇದ್ರೆ ಯಾರದು? ಅದೊಂದನ್ನ ಡಾಕ್ಟ್ರಿಗೆ ಹೇಳಿ, ಏಳ್ತೀನಿ.’

ಡಾಕ್ಟರು ಗಂಡನ ಮುಖ ನೋಡಿದರು. ಅವನು ನಗಲು ನೋಡಿದ, ನಗು ಬರಲಿಲ್ಲ. ಅವಳು ಕೂತೇ ಇದ್ದಳು.